ದ್ವೀಪದಲ್ಲಿ ಎರಡು ಪಾಳಿ

ಮಾರ್ಚ್ 5, ಮಂಗಳವಾರ

ಬಹುಮಾನ ಬಂದರೆ ಜನ ಕುಣಿಯುತ್ತಾರಂತೆ. ನಾನು ಮನೆಗೆ ಬಂದಾಗಿನಿಂದ ಬಹುಮಾನದ ಲಕೋಟೆಯನ್ನು ಬೀರುವಿನಲ್ಲಿ ಬಚ್ಚಿಡುವುದು, ಮತ್ತೆ ತೆಗೆದು ನೋಡುವುದು, ಇದನ್ನೇ ಮಾಡುತ್ತಿದ್ದೇನೆ. ಆಸ್ಪತ್ರೆಯ ವಾರ್ಷಿಕೋತ್ಸವದ ಲಕ್ಕಿ ಡಿಪ್‌ನಲ್ಲಿ ಮೂರನೇ ಬಹುಮಾನ ಮಿಕ್ಸಿ. ನಾನು ಆಸೆಪಟ್ಟಿದ್ದು ಅದಕ್ಕೆ. ಅದು ಎಕ್ಸ್‌ರೇಯವನ ಪಾಲಾಯಿತು. ನನಗೆ ಬಂದದ್ದು ಮೊದಲನೆಯದು: ದಂಪತಿಗೆ ಐದು ದಿನ ದ್ವೀಪ ಪ್ರವಾಸ. ದೋಣಿ, ಲಾಡ್ಜು, ಬೆಳಗಿನ ತಿಂಡಿ, ರಾತ್ರಿ ಊಟ ಅವರದು. ಮಧ್ಯಾಹ್ನದ ಊಟ, ಸುತ್ತಾಟ ನಮ್ಮದು. ಇದೇ ತಿಂಗಳೊಳಗೆ ಹೋಗಿಬರಬೇಕು.

ಮೇಟ್ರನ್ ಮೈಕಿನಲ್ಲಿ, "ಇಬ್ಬರೇ ಆರಾಮಾಗಿ ಹೋಗಿಬನ್ನಿ" ಎಂದರು. ನಮ್ಮ ಲಾಂಡ್ರಿಯ ಹುಡುಗಿಯರು ಶಿಳ್ಳೆ ಹೊಡೆದರು. ನಾನು ಹಲ್ಲು ಕಿರಿದು ಲಕೋಟೆ ತೆಗೆದುಕೊಂಡೆ.

ಐದು ದಿನ, ಇಬ್ಬರೇ. ನನ್ನ ತಳಮಳದ ಮೂಲ ಅದೇ. ಯಾರಿಗಾದರೂ ಹೇಳಿದರೆ ನಕ್ಕಾರು, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ನನ್ನದು ಆಸ್ಪತ್ರೆಯ ಲಾಂಡ್ರಿಯಲ್ಲಿ ಬೆಳಗಿನ ಪಾಳಿ, ಐದರಿಂದ ಒಂದು. ಇವರದು ನೀರಿನ ಪಂಪ್‌ಹೌಸಿನಲ್ಲಿ ಎರಡರಿಂದ ಹತ್ತು. ಮಗಳು ಆರು ತಿಂಗಳ ಕೂಸಾಗಿದ್ದಾಗ ನೋಡಿಕೊಳ್ಳುವವರಿಲ್ಲ ಎಂದು ಹೀಗೆ ಹಂಚಿಕೊಂಡೆವು. ವಾರದ ರಜೆಯೂ ಬೇರೆ ಬೇರೆ, ಆ ದಿನವೂ ಓವರ್‌ಟೈಮಿಗೆ ಹೋಗುವುದೇ ಹೆಚ್ಚು. ಈಗ ಮಗಳಿಗೆ ಇಪ್ಪತ್ತನಾಲ್ಕು, ಮದುವೆಯಾಗಿ ಬೇರೆ ಊರಿನಲ್ಲಿದ್ದಾಳೆ. ಪಾಳಿ ಮಾತ್ರ ಹಾಗೇ ಉಳಿದಿದೆ.

ಒಂದೂ ಇಪ್ಪತ್ತಕ್ಕೆ ನಾನು ಬಸ್ಸಿಳಿಯುತ್ತೇನೆ. ಇವರು ಅದೇ ಬಸ್ಸು ಹತ್ತುತ್ತಾರೆ. ನಡುವೆ ಮನೆಯ ಕೀಲಿಕೈ ಇವರ ಕೈಯಿಂದ ನನ್ನ ಕೈಗೆ ಬರುತ್ತದೆ. ಮಾತೇನಾದರೂ ಇದ್ದರೆ ಟೀ ಪುಡಿ ಡಬ್ಬಿಯ ಮೇಲೆ ಚೀಟಿ. ನಾನು ನಾಲ್ಕಕ್ಕೆ ಎದ್ದಾಗ ಇವರು ನಿದ್ದೆಯಲ್ಲಿರುತ್ತಾರೆ, ಇವರು ಹತ್ತೂವರೆಗೆ ಬಂದಾಗ ನಾನು. ಇವರ ನಿದ್ದೆಯ ಮುಖ ನನಗೆ ಬಾಯಿಪಾಠ. ಎಚ್ಚರವಿರುವ ಮುಖವನ್ನು ಎದುರಿಗಿಟ್ಟುಕೊಂಡು ಐದು ದಿನ ಏನು ಮಾಡುವುದು?

ಚೀಟಿ ಬರೆದಿಟ್ಟೆ: "ದ್ವೀಪಕ್ಕೆ ಹೋಗಲು ಬಹುಮಾನ ಬಂದಿದೆ. ಇಬ್ಬರಿಗೆ. ರಜೆ ಕೇಳಿ."

ಮಾರ್ಚ್ 7, ಗುರುವಾರ

ಇವರ ಚೀಟಿ: "ರಜೆ ಕೊಟ್ಟಿದ್ದಾರೆ, 24ರಿಂದ 28. ಏಪ್ರಿಲ್ ಒಂದರಿಂದ ಮಧ್ಯಾಹ್ನದ ಪಾಳಿ ಇರುವುದಿಲ್ಲವಂತೆ, ಮೆಷಿನ್ನೇ ನೋಡಿಕೊಳ್ಳುತ್ತದೆ. ನನ್ನನ್ನು ಬೆಳಗಿನ ಐದರಿಂದ ಒಂದಕ್ಕೆ ಹಾಕಿದ್ದಾರೆ. ಸಕ್ಕರೆ ಮುಗಿದಿದೆ."

ಸಕ್ಕರೆ ಎಂಬಲ್ಲಿಯವರೆಗೆ ಓದಿ ಮತ್ತೆ ಮೇಲಿಂದ ಓದಿದೆ. ಐದರಿಂದ ಒಂದು ಎಂದರೆ ನನ್ನದೇ ಪಾಳಿ. ಅಂದರೆ ದಿನವೂ ಮಧ್ಯಾಹ್ನ ಒಂದೂವರೆಯಿಂದ ಮಲಗುವ ತನಕ ಇಬ್ಬರೂ ಈ ಎರಡು ಕೋಣೆಯಲ್ಲಿ. ಐದು ದಿನಕ್ಕೇ ತಲೆ ಕೆಟ್ಟುಹೋಗಿತ್ತು. ಈಗ ಇಡೀ ಆಯುಷ್ಯ.

ಕಾಕತಾಳೀಯವೋ ಏನೋ, ಇವತ್ತೇ ಮೇಟ್ರನ್ ಕರೆದರು. "ಏಪ್ರಿಲ್‌ನಿಂದ ಲಾಂಡ್ರಿಗೆ ಮಧ್ಯಾಹ್ನದ ಪಾಳಿನೂ ಇರುತ್ತೆ, ಎರಡರಿಂದ ಹತ್ತು. ಅದಕ್ಕೆ ಇನ್‌ಚಾರ್ಜ್ ನೀವೇ ಆಗಿ. ಇಪ್ಪತ್ತಾರನೇ ತಾರೀಕು ಎರಡು ಗಂಟೆಯೊಳಗೆ ಫೋನ್ ಮಾಡಿ ಹೇಳಿಬಿಡಿ. ಮಾರನೇ ದಿನ ಪಟ್ಟಿ ಹಾಕ್ಬೇಕು."

ಎರಡರಿಂದ ಹತ್ತು! ಹೂಂ ಎಂದರೆ ಎಲ್ಲ ಮೊದಲಿನ ಹಾಗೆಯೇ, ಬರೀ ತಿರುವುಮುರುವು. ಇವರು ಬಸ್ಸಿಳಿಯುತ್ತಾರೆ, ನಾನು ಹತ್ತುತ್ತೇನೆ. ಹೂಂ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಇವರಿಗೊಂದು ಮಾತು ತಿಳಿಸಿ ಹೇಳೋಣ ಎಂದು ನುಂಗಿಕೊಂಡೆ. ಮನೆಗೆ ಬಂದು ಬರೆಯಲು ಕೂತೆ, ಮೂರು ಚೀಟಿ ಹರಿದೆ. ನಾಲ್ಕನೆಯದರಲ್ಲಿ "ಸಕ್ಕರೆ ತಂದಿದ್ದೇನೆ" ಎಂದು ಬರೆದು ಇಟ್ಟೆ.

ಮಾರ್ಚ್ 9, ಶನಿವಾರ

ಹೋಗುವುದಂತೂ ತಪ್ಪುವುದಿಲ್ಲ. ಹೋದ ಮೇಲೆ ಕೈಕಟ್ಟಿ ಕೂರುವ ಪ್ರಶ್ನೆಯೇ ಬರದ ಹಾಗೆ ಕಾರ್ಯಕ್ರಮ ಹಾಕಿಕೊಳ್ಳಬೇಕು. ನಮ್ಮ ಆಂಬುಲೆನ್ಸ್ ಡ್ರೈವರ್ ಹುಟ್ಟಿದ್ದು ಆ ದ್ವೀಪದಲ್ಲೇ. ಟೀ ಹೊತ್ತಿನಲ್ಲಿ ಹಿಡಿದು ಕೂರಿಸಿದೆ.

"ಅಕ್ಕಾ, ಜೆಟ್ಟಿ ಎದುರಿಗಿರೋ ಹೋಟ್ಲುಗಳಿಗೆ ಕಾಲಿಡ್ಬೇಡಿ. ಅಲ್ಲಿ ಫೋಟೋ ಚೆನ್ನಾಗಿರುತ್ತೆ, ಮೀನು ನಿನ್ನೇದಿರುತ್ತೆ. ಐಸ್ ಫ್ಯಾಕ್ಟರಿ ಹಿಂದುಗಡೆ ಒಂದು ತಗಡಿನ ಶೆಡ್ಡಿದೆ. ಬೋರ್ಡಿಲ್ಲ. ದೋಣಿಯವರು ಊಟ ಮಾಡೋದು ಅಲ್ಲೇ. ಹನ್ನೊಂದೂವರೆಗೆ ಹೋಗಿ. ಒಂದು ಗಂಟೆ ಆಯ್ತೋ, ಬರೀ ಬಾಲ ಉಳಿದಿರುತ್ತೆ."

"ಲೈಟ್‌ಹೌಸು?"

"ಸಂಜೆ ಜಾತ್ರೆ ಅಲ್ಲಿ. ಬೆಳಗ್ಗೆ ಆರಕ್ಕೆ ಹೋಗಿ. ಕಾವಲುಗಾರ ಮುದುಕ, ಬಾಗಿಲು ಬಡಿದ್ರೆ ಸಿಟ್ಟಾಗ್ತಾನೆ. ಹೊರಗೆ ನಿಂತು ಸುಮ್ನೆ ಕೆಮ್ಮಿ, ಬಂದು ತೆಗೀತಾನೆ. ಪಶ್ಚಿಮದ ದಂಡೇಲಿ ಮಧ್ಯಾಹ್ನ ನೀರಿಗಿಳೀಬೇಡಿ, ಸೆಳೆತ ಜಾಸ್ತಿ. ಸೈಕಲ್ ಬಾಡಿಗೆಗೆ ತಗೊಂಡ್ರೆ ಮೊದಲು ಬ್ರೇಕ್ ನೋಡಿ. ಜೆಟ್ಟಿ ಕಡೆ ಇಳಿಜಾರು ನೇರ ಸಮುದ್ರಕ್ಕೇ ಹೋಗುತ್ತೆ."

ಬೆಡ್‌ಶೀಟ್ ಲೆಕ್ಕದ ಹಾಳೆಯ ಹಿಂದುಗಡೆ ಎಲ್ಲ ಬರೆದುಕೊಂಡೆ. ಅವನು ಲೋಟ ಕೆಳಗಿಟ್ಟು ನಕ್ಕ. "ಇಷ್ಟೊಂದು ಬರ್ಕೋತೀರಲ್ಲ ಅಕ್ಕ, ಅಲ್ಲಿ ನೋಡೋಕೆ ಅಂಥದ್ದೇನೂ ಇಲ್ಲ. ಅದು ಸುಮ್ನೆ ಕೂತ್ಕೊಳ್ಳೋಕೆ ಹೋಗೋ ಜಾಗ."

ಕೂತುಕೊಂಡು ಏನು ಮಾಡುತ್ತಾರೆ ಎಂದು ಅವನನ್ನು ಕೇಳಲು ನಾಚಿಕೆಯಾಯಿತು.

ಮಾರ್ಚ್ 12, ಮಂಗಳವಾರ

ಮೂರು ಮಧ್ಯಾಹ್ನ ಕೂತು ಪಟ್ಟಿ ಮುಗಿಸಿದೆ. ಲಾಂಡ್ರಿಯ ಡ್ಯೂಟಿ ಚಾರ್ಟಿನ ಖಾಲಿ ಹಾಳೆ ಇತ್ತು, ಗೆರೆ ಹೊಡೆಯುವ ಶ್ರಮ ಉಳಿಯಿತು. ಐದು ದಿನ, ಮೂವತ್ತೊಂದು ಕೆಲಸ. ಲೈಟ್‌ಹೌಸು, ಉಪ್ಪಿನ ಗದ್ದೆ, ಎರಡು ದಂಡೆ, ಹಳೇ ಕೋಟೆಯ ಗೋಡೆ, ಚಿಪ್ಪಿನ ಅಂಗಡಿ, ರಾತ್ರಿಯ ಪೇಟೆ. ಕಾಲು ಗಂಟೆಯೂ ಖಾಲಿ ಬಿಟ್ಟಿಲ್ಲ. ಡಬ್ಬಿಯ ಕೆಳಗೆ ಇಟ್ಟೆ.

ಮಾರ್ಚ್ 13, ಬುಧವಾರ

ಪಟ್ಟಿಯ ಕೆಳಗೆ ಪೆನ್ಸಿಲಿನಲ್ಲಿ ಒಂದೇ ಪದ: "ಸರಿ."

ಇಪ್ಪತ್ತಮೂರು ವರ್ಷದಿಂದ ಈ "ಸರಿ" ನೋಡಿ ನೋಡಿ ಸಾಕಾಗಿದೆ. ಗ್ಯಾಸ್ ಮುಗಿದಿದೆ ಎಂದರೂ ಸರಿ, ಮಗಳಿಗೆ ಗಂಡು ಒಪ್ಪಿಗೆಯಾಗಿದೆ ಎಂದರೂ ಸರಿ. ಮೂವತ್ತೊಂದರಲ್ಲಿ ಒಂದಾದರೂ ಬೇಡ ಎನ್ನಬಾರದೇ? ಪಿತ್ತ ನೆತ್ತಿಗೇರಿ, ತೊಳೆದಿದ್ದ ಪಾತ್ರೆಗಳನ್ನೇ ಇನ್ನೊಮ್ಮೆ ತೊಳೆದೆ.

ಮಾರ್ಚ್ 14, ಗುರುವಾರ

ಉಪ್ಪಿನ ಗದ್ದೆಯನ್ನು ಮೂರನೇ ದಿನಕ್ಕೆ ಹಾಕಿದೆ. ಮತ್ತೆ ಎರಡನೇ ದಿನಕ್ಕೆ ತಂದೆ.

ಮಾರ್ಚ್ 17, ಭಾನುವಾರ

ಮೈಯೆಲ್ಲ ಉರಿಯುತ್ತಿದೆ. ಇವರು ಕೆಲಸಕ್ಕೆ ಹೋದ ಮೇಲೆ ಲಾಡ್ಜಿಗೆ ಫೋನ್ ಮಾಡಿದೆ, ಊಟದ ಹೊತ್ತು ತಿಳಿಸೋಣ ಎಂದು. ಎತ್ತಿದವರು ಲಾಡ್ಜಿನ ಒಡತಿ, ಗಂಟಲು ಜೋರು.

"ಎಷ್ಟು ಜನ?"

"ಇಬ್ಬರು. ತಿಂಡಿ ಐದೂವರೆಗೆ ಒಂದು, ಹತ್ತಕ್ಕೆ ಒಂದು. ರಾತ್ರಿ ಊಟ ಏಳಕ್ಕೆ ಒಂದು, ಹತ್ತೂವರೆಗೆ ಒಂದು."

ಆ ಕಡೆ ಪುಸ್ತಕದ ಹಾಳೆ ತಿರುವಿದ ಸದ್ದು. ಆಮೇಲೆ, "ಗಂಡ ಹೆಂಡ್ತಿ ತಾನೇ ಬರ್ತಿರೋದು?"

"ಹೌದು."

"ಏನಮ್ಮಾ, ಮಾತು ಬಿಟ್ಟಿದೀರಾ? ಕೋಣೆ ಒಂದು ಸಾಕಾ, ಎರಡು ಬೇಕಾ?"

ಅಧಿಕಪ್ರಸಂಗಿ. ಆಮೇಲೆ ತಿಳಿಸುತ್ತೇನೆ ಎಂದು ಫೋನ್ ಇಟ್ಟು, ಸಿಟ್ಟಿನಲ್ಲೇ ಪಟ್ಟಿ ತೆಗೆದು ನೋಡಿದೆ. ಬೆಳಗ್ಗೆ ಆರಕ್ಕೆ ಲೈಟ್‌ಹೌಸು, ಎದುರಿಗೆ "ನಾನು". ಆ ಹೊತ್ತಿಗೆ ಇವರು ಏಳುವುದಿಲ್ಲವಲ್ಲ. ರಾತ್ರಿ ಒಂಬತ್ತಕ್ಕೆ ಪೇಟೆ, ಎದುರಿಗೆ "ಅವರು". ಆ ಹೊತ್ತಿಗೆ ನಾನು ಮಲಗಿರುತ್ತೇನಲ್ಲ. ಕೋಟೆಯ ಗೋಡೆ ನಾನು, ಚಿಪ್ಪಿನ ಅಂಗಡಿ ಅವರು. ಹನ್ನೊಂದೂವರೆಯ ಮೀನಿನ ಊಟವೂ ನಾನೊಬ್ಬಳೇ. ದೋಣಿಯಲ್ಲಿ ಹೋಗುವುದು ಬರುವುದು ಬಿಟ್ಟರೆ "ಇಬ್ಬರೂ" ಎಂದು ಬರೆದಿರುವುದು ದಿನಕ್ಕೊಂದೇ ಕಡೆ: "1.20, ಕೋಣೆಯ ಕೀಲಿಕೈ ಕೊಡುವುದು."

ಎಲ್ಲವೂ ನನ್ನ ಕೈಬರಹ. ಬರೆಯುವಾಗ ಒಂದು ಸಲವೂ ಹೊಳೆಯಲಿಲ್ಲ. ಅದಾದರೂ ಹೋಗಲಿ, ಇವರು ಇದನ್ನು ಪೂರ್ತಿ ಓದಿ "ಸರಿ" ಎಂದರಲ್ಲ.

ಮಾರ್ಚ್ 18, ಸೋಮವಾರ

ಮಗಳ ಫೋನು. ಪಟ್ಟಿಯ ಕಥೆ ಹೇಳಿದ್ದೇ ತಪ್ಪಾಯಿತು, ಕೆಮ್ಮು ಬರುವಷ್ಟು ನಕ್ಕಳು. ನಗು ನಿಂತ ಮೇಲೆ, "ಅಮ್ಮಾ, ನೀನೂ ಅಪ್ಪಾನೂ ಒಟ್ಟಿಗೆ ನನ್ನ ಸ್ಕೂಲಿಗೆ ಬಂದಿದ್ದು ಒಂದೇ ಸಲ, ನೆನಪಿದ್ಯಾ? ನಾನು ತಲೆ ತಿರುಗಿ ಬಿದ್ದೆ ಅಂತ. ಬಿದ್ದಿರ್ಲಿಲ್ಲ ನಾನು. ಇಬ್ರೂ ಬರ್ತೀರಾ ನೋಡೋಣ ಅಂತ ಮಾಡಿದ್ದು."

"ಈಗ ಹೇಳ್ತಿದೀಯಾ ಇದನ್ನ?" ಎಂದು ಗದರಿದೆ. ಫೋನಿಟ್ಟ ಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಬೀರುವಿನಲ್ಲಿದ್ದ ಬಟ್ಟೆಯನ್ನೆಲ್ಲ ತೆಗೆದು ಮತ್ತೆ ಮಡಚಿದೆ.

ಮಾರ್ಚ್ 21, ಗುರುವಾರ

ಪ್ರವಾಸಕ್ಕೆಂದು ಇವರ ನೀಲಿ ಅಂಗಿ ನೆನೆಸಲು ಹೊರಟೆ. ಜೇಬು ನೋಡದೆ ಬಟ್ಟೆ ನೀರಿಗೆ ಹಾಕುವವಳಲ್ಲ ನಾನು. ಲಾಂಡ್ರಿಗೆ ಬರುವ ಹುಡುಗಿಯರಿಗೆ ಮೊದಲು ಕಲಿಸುವುದೇ ಅದನ್ನು. ಡಾಕ್ಟರರ ಕೋಟುಗಳಿಂದ ಉಂಗುರ, ಸೂಜಿ, ಒಮ್ಮೆ ಹಲ್ಲಿನ ಸೆಟ್ಟು, ಎಲ್ಲ ತೆಗೆದಿದ್ದೇನೆ. ಇವರ ಜೇಬಿನಲ್ಲಿ ಒಂದು ಚೀಟಿ ಇತ್ತು. ಡಬ್ಬಿಗೆ ಬರೆದದ್ದಲ್ಲ.

"1. ಮಗಳ ಹೊಸ ಮನೆ. 2. ಪಂಪ್ ನಂಬರ್ ಮೂರು ಸುಟ್ಟ ದಿನ (ಮೊದಲೇ ಹೇಳಿದ್ದೇನಾ?). 3. ಅವಳ ಮಂಡಿ ನೋವು. ಮೊದಲೇ ಕೇಳುವುದು ಬೇಡ, ಸ್ವಲ್ಪ ಹೊತ್ತು ಬಿಟ್ಟು. 4. ಪಕ್ಕದ ಮನೆಯ ನಾಯಿ. 5. ಸಮುದ್ರ. 6."

ಅವಳು ಎಂದರೆ ನಾನು. ಆರರ ಮುಂದೆ ಏನೂ ಇಲ್ಲ. ಪೆನ್ಸಿಲನ್ನು ಒತ್ತಿ ಒತ್ತಿ ಇಟ್ಟ ಚುಕ್ಕಿಗಳಿವೆ.

ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟೆ. ಇವರಿಗೂ ಭಯ. ನನಗೆ ಮಾತ್ರ ಎಂದುಕೊಂಡಿದ್ದೆ. ಅಂಗಿ ಒಣಗಿದ ಮೇಲೆ ಚೀಟಿಯನ್ನು ಇದ್ದಂತೆಯೇ ಮಡಚಿ ಅದೇ ಜೇಬಿಗೆ ಹಾಕಿದೆ.

ಮಾರ್ಚ್ 23, ಶನಿವಾರ

ಲಾಡ್ಜಿಗೆ ಫೋನ್ ಮಾಡಿ, ತಿಂಡಿ ಎಂಟಕ್ಕೆ, ಊಟ ಎಂಟಕ್ಕೆ, ಎರಡೂ ಒಟ್ಟಿಗೆ ಎಂದೆ. "ರಾಜಿ ಆಯ್ತಾ?" ಎಂದಳು. ಫೋನ್ ಇಟ್ಟೆ. ಮೇಟ್ರನ್‌ಗೆ ಇಪ್ಪತ್ತಾರಕ್ಕೆ ಅಲ್ಲಿಂದಲೇ ಹೂಂ ಎಂದು ಹೇಳುವುದು. ಇದರಲ್ಲಿ ಬದಲಾವಣೆ ಇಲ್ಲ. ಐದು ದಿನ ಹೇಗೋ ಹಲ್ಲು ಕಚ್ಚಿಕೊಂಡು ಕಳೆದುಬಿಟ್ಟರೆ ಆಮೇಲೆ ಬಸ್ ಸ್ಟಾಪು, ಡಬ್ಬಿ ಇದ್ದೇ ಇವೆ.

ಮಾರ್ಚ್ 24, ಭಾನುವಾರ, ದ್ವೀಪ

ದೋಣಿ ಹೊರಟು ಹತ್ತು ನಿಮಿಷಕ್ಕೇ ಪಕ್ಕದ ಮನೆಯ ನಾಯಿ ಬಂತು. "ಅದು ಈಚೆಗೆ ಜಾಸ್ತಿ ಬೊಗಳುತ್ತೆ ಅಲ್ವಾ?" ಎಂದರು. ನಂಬರ್ ನಾಲ್ಕು. ಕ್ರಮ ತಪ್ಪಿದ್ದಾರೆ, ಪಾಪ, ಗಾಬರಿ. ಆಮೇಲೆ ಮಗಳ ಮನೆ. ಜೆಟ್ಟಿ ಕಾಣಿಸುವ ಹೊತ್ತಿಗೆ ಪಂಪ್ ನಂಬರ್ ಮೂರು ಸುಟ್ಟಿತು. ಅದು ಸುಟ್ಟ ಮಾರನೇ ದಿನವೇ ಚೀಟಿಯಲ್ಲಿ ಬರೆದಿದ್ದರು. ಮೊದಲ ಸಲ ಕೇಳುವವಳ ಹಾಗೆ "ಅಯ್ಯೋ" ಎಂದೆ. ಆದರೆ ಚೀಟಿಯಲ್ಲಿ ಎರಡು ಸಾಲಿತ್ತು. ಬಾಯಲ್ಲಿ ಹೇಳುವಾಗ ಹೊಗೆ ಬಂತು, ಇವರು ಓಡಿದರು, ಕೈ ಸುಟ್ಟಿತು. ಕೈ ಸುಟ್ಟದ್ದು ಚೀಟಿಯಲ್ಲಿರಲಿಲ್ಲ. ಮೊಣಕೈ ಹತ್ತಿರ ಕಲೆ ಇದೆ, ತೋರಿಸಿದರು.

ಊಟದ ಹೊತ್ತಿಗೆ ಮಂಡಿಯೂ ಮುಗಿಯಿತು. ಐದು ದಿನದ ಸಾಮಾನು ಒಂದೇ ದಿನಕ್ಕೆ ಖರ್ಚಾಗುತ್ತಿದೆ. ಲಾಡ್ಜಿನ ಒಡತಿ ಒಂದೇ ಮೇಜು ಹಾಕಿ, ನಮ್ಮಿಬ್ಬರನ್ನೂ ನೋಡಿ ನೋಡಿ ನಗುತ್ತಿದ್ದಳು.

ಮಾರ್ಚ್ 25, ಸೋಮವಾರ

"ಸಮುದ್ರ ದೊಡ್ಡದಾಗಿದೆ" ಎಂದರು. "ಹೌದು" ಎಂದೆ. ಐದೂ ಮುಗಿಯಿತು.

ಮಾರ್ಚ್ 26, ಮಂಗಳವಾರ

ಹನ್ನೊಂದೂವರೆಗೆ ಐಸ್ ಫ್ಯಾಕ್ಟರಿ ಹಿಂದಿನ ಶೆಡ್ಡಿಗೆ ಹೋದೆವು. ಡ್ರೈವರ್ ಹೇಳಿದ್ದು ಸುಳ್ಳಲ್ಲ, ಬೋರ್ಡಿಲ್ಲ, ವಾಸನೆಯೇ ದಾರಿ ತೋರಿಸಿತು. ದೋಣಿಯವರಿಂದ ತುಂಬಿಹೋಗಿತ್ತು. ಗೋಡೆಗೆ ಮುಖ ಮಾಡಿದ ಬೆಂಚಿನ ಮೇಲೆ ಒತ್ತಿಕೊಂಡು ಕೂತೆವು. ಬಾಣಲೆಯಿಂದ ನೇರ ತಟ್ಟೆಗೆ ಬಂದ ಮೀನು. ಇವರು ಬಿಸಿ ಊಟ ಮಾಡುವುದನ್ನು ನಾನು ನೋಡೇ ಇರಲಿಲ್ಲ. ಯಾವಾಗಲೂ ಮುಚ್ಚಿಟ್ಟದ್ದನ್ನು ತಿಂದವರು. ಊದಿ ಊದಿ ತಿನ್ನುತ್ತಾರೆ, ಮಕ್ಕಳ ಹಾಗೆ.

ನನಗೆ ಗಡಿಯಾರದ ಮೇಲೇ ಕಣ್ಣು, ಎರಡು ಗಂಟೆಯೊಳಗೆ ಫೋನ್ ಮಾಡಬೇಕು. ಇವರ ಕೈ ಎರಡು ಸಲ ಜೇಬಿನ ಹತ್ತಿರ ಹೋಗಿ ಬಂತು. ತಡೆಯಲಾರದೆ ಕೇಳಿಬಿಟ್ಟೆ.

"ಆರನೇದು ಹೊಳೀಲಿಲ್ವಾ?"

ಇವರ ಬಾಯಿ ಹಾಗೇ ನಿಂತಿತು. "ಜೇಬು ನೋಡಿದ್ಯಾ?"

"ಜೇಬು ನೋಡೋದು ತಾನೇ ರೀ ನನ್ನ ಕೆಲಸ."

ಕಿವಿಯವರೆಗೂ ಕೆಂಪಾದರು. ಆಮೇಲೆ ನಕ್ಕರು. ಇವರ ನಗುವಿಗೆ ಸದ್ದೇ ಇಲ್ಲ, ಭುಜ ಕುಣಿಯುತ್ತದೆ ಅಷ್ಟೇ. ನನಗೂ ತಡೆಯಲಾಗಲಿಲ್ಲ. ಪಕ್ಕದ ದೋಣಿಯವನು ಏನೆಂದು ತಿಳಿಯದೆಯೇ ನಕ್ಕ.

ಆ ಗಳಿಗೆಯಲ್ಲಿ ಹೇಳದಿದ್ದರೆ ಎಂದೂ ಹೇಳಲಾರೆ ಎನಿಸಿತು. "ಮೇಟ್ರನ್ ನಂಗೆ ಎರಡರಿಂದ ಹತ್ತರ ಪಾಳಿ ಇನ್‌ಚಾರ್ಜ್ ಕೊಡ್ತಾರಂತೆ. ಇವತ್ತು ಎರಡರೊಳಗೆ ಹೇಳ್ಬೇಕು. ನೀವಿರೋ ಹೊತ್ತಿಗೆ ನಾನಿರಲ್ಲ. ಮೊದಲಿನ ಹಾಗೇ."

ತಟ್ಟೆಯಲ್ಲಿ ಮುಳ್ಳನ್ನು ಒಂದು ಕಡೆ ಸರಿಸುತ್ತಾ ಕೂತರು. "ಸರಿ" ಎನ್ನುತ್ತಾರೆ ಎಂದು ಕಾದೆ. ಅನ್ನಲಿಲ್ಲ.

"ನಿಂಗೆ ಬೇಕು ಅನ್ಸಿದ್ರೆ ತಗೋ," ಎಂದರು. "ನಾನು ಬೆಳಗ್ಗೆ ಪಾಳಿ ಕೇಳಿ ಹಾಕಿಸ್ಕೊಂಡಿದ್ದು. ರಾತ್ರಿ ಪಾಳಿನೂ ಇತ್ತು. ನೀನು ಒಂದೂ ಇಪ್ಪತ್ತಕ್ಕೆ ಬರ್ತೀಯಲ್ಲಾ ಅಂತ."

ಎದ್ದು ಕೈ ತೊಳೆದೆವು.

ಹೊರಗೆ ಸೈಕಲ್ ಅಂಗಡಿ. ಎರಡು ಸೈಕಲಿನ ಬ್ರೇಕನ್ನೂ ಹಿಂಡಿ ಹಿಂಡಿ ನೋಡಿ ಆರಿಸಿದೆ. ಇವರು ಹತ್ತಿ ಹತ್ತು ಮಾರು ಹೋಗಿ ತಿರುಗಿ ನೋಡಿದರು. "ಯಾಕೆ, ಬಾ."

"ನಂಗೆ ಸೈಕಲ್ ಬರಲ್ಲ."

"ಬರಲ್ವಾ?" ಮದುವೆಯಾದ ಇಷ್ಟು ವರ್ಷಕ್ಕೆ ಇವರಿಗೆ ಅದು ಗೊತ್ತಿಲ್ಲ. "ಪಟ್ಟೀಲಿ ಬರೆದಿದ್ಯಲ್ಲ, ಸೈಕಲ್ಲು, ನಾನು ಅಂತ?"

"ಬರೆಯೋಕೆ ಬರುತ್ತೆ."

ಐಸ್ ಫ್ಯಾಕ್ಟರಿಯ ಹಿಂದಿನ ಓಣಿಯಲ್ಲಿ ಕಲಿಸಿದರು. ಸೀಟು ಹಿಡಿದುಕೊಂಡು ಓಡಿದರು, ಏದುಸಿರು ಬಿಟ್ಟರು, "ಮುಂದೆ ನೋಡು, ನನ್ನ ನೋಡ್ಬೇಡ" ಎಂದು ಬೈದರು. ಎಷ್ಟು ಮಾತು ಬರುತ್ತದೆ ಈ ಮನುಷ್ಯನಿಗೆ! ಎರಡು ಸಲ ಬಿದ್ದೆ. ಒಳ್ಳೆಯ ಮಂಡಿ ತರಚಿತು, ನೋವಿನ ಮಂಡಿಗೆ ಏನೂ ಆಗಲಿಲ್ಲ. ಐಸ್ ಹೊರುವವರು ಕೆಲಸ ಬಿಟ್ಟು ನಿಂತು ನೋಡಿದರು. ಕೊನೆಗೆ ಓಣಿಯ ಆ ತುದಿಯವರೆಗೆ ಹೋಗಿ ನಿಲ್ಲಿಸಿ ತಿರುಗಿದರೆ, ಇವರು ಈ ತುದಿಯಲ್ಲೇ ನಿಂತಿದ್ದರು. ಯಾವಾಗ ಕೈ ಬಿಟ್ಟರೋ.

ಸೈಕಲ್ ವಾಪಸ್ಸು ಕೊಡುವಾಗ ಅಂಗಡಿಯ ಗಡಿಯಾರ ನೋಡಿದೆ. ನಾಲ್ಕಕ್ಕೆ ಹತ್ತು ನಿಮಿಷ.

ಇನ್‌ಚಾರ್ಜ್ ಕುರ್ಚಿ ಹೋಯಿತು. ನನ್ನ ತಲೆಗೆ ಏನಾಗಿದೆಯೋ. ಇಪ್ಪತ್ತಮೂರು ವರ್ಷದಲ್ಲಿ ಒಂದು ದಿನ ಹೊತ್ತು ಮರೆತವಳಲ್ಲ. ನನ್ನ ಮೇಲೆ ನನಗೇ ಬಹಳ ಸಿಟ್ಟು ಬಂದಿದೆ. ಬರೆಯುತ್ತಾ ಮಂಡಿ ಉರಿಯುತ್ತಿದೆ, ಇವರು ಔಷಧಿ ತರಲು ಹೋಗಿದ್ದಾರೆ. ನಾಳೆ ಆರಕ್ಕೆ ಲೈಟ್‌ಹೌಸಿಗೆ ತಾವೂ ಬರುತ್ತಾರಂತೆ. ಏಳುತ್ತಾರೋ ಇಲ್ಲವೋ, ನೋಡೋಣ.

ಮಾರ್ಚ್ 27, ಬುಧವಾರ

ಎಂಟೂವರೆಗೆ ಎಚ್ಚರವಾಯಿತು. ನನಗೆ! ಬಿಸಿಲು ಹಾಸಿಗೆಯ ಮೇಲೆ ಬಂದಿತ್ತು. ಇವರು ನೀಲಿ ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು, ಜಗಲಿಯ ಕುರ್ಚಿಯಲ್ಲಿ ಕೂತಿದ್ದಾರೆ. ಐದಕ್ಕೇ ಎದ್ದರಂತೆ.

"ಎಬ್ಬಿಸಬಾರದಿತ್ತಾ ರೀ?"

"ಗೊತ್ತಾಗ್ಲಿಲ್ಲ," ಎಂದರು. "ನಿನ್ನ ಎಬ್ಬಿಸದೇ ಓಡಾಡಿ ಅಭ್ಯಾಸ. ಎಬ್ಬಿಸೋದು ಹೆಂಗೆ ಅಂತ ಗೊತ್ತಿಲ್ಲ."

ಲೈಟ್‌ಹೌಸು ಹೋಯಿತು. ಕೋಟೆಯ ಗೋಡೆಗೂ ಹೋಗಲಿಲ್ಲ. ಜಗಲಿಯಲ್ಲಿ ಕೂತೆವು. ಮಧ್ಯಾಹ್ನ ಆಯಿತು.

ಏಪ್ರಿಲ್ 1, ಸೋಮವಾರ

ಮಧ್ಯಾಹ್ನದ ಪಾಳಿಗೆ ನಮ್ಮ ಇಸ್ತ್ರಿ ವಿಭಾಗದವಳು ಇನ್‌ಚಾರ್ಜ್ ಆಗಿದ್ದಾಳೆ. ಮೇಟ್ರನ್ ನನ್ನ ಕಡೆ ಮುಖ ಗಂಟಿಕ್ಕಿಕೊಂಡು ನೋಡಿದರು. ನೋಡಲಿ.

ಬೆಳಗ್ಗೆ ಇಬ್ಬರೂ ಒಟ್ಟಿಗೆ ಎದ್ದು ಬಚ್ಚಲಿಗೆ ಜಗಳವಾಡಿದೆವು. ಬೀಗ ಹಾಕಿ ಕೀಲಿಕೈ ಇವರು ಇಟ್ಟುಕೊಂಡರು. ಪಂಪ್‌ಹೌಸಿನಿಂದ ಹಗಲು ಬಸ್ಸಿದೆ, ರಾತ್ರಿಯ ಹಾಗೆ ನಡೆದು ಬರಬೇಕಿಲ್ಲ, ಒಂದೂ ಹತ್ತಕ್ಕೆಲ್ಲ ಇವರು ಮನೆಯಲ್ಲಿರಬೇಕಿತ್ತು. ಒಂದೂ ಇಪ್ಪತ್ತಕ್ಕೆ ನಾನು ಬಸ್ಸಿಳಿದರೆ ಸ್ಟಾಪಿನಲ್ಲೇ ನಿಂತಿದ್ದಾರೆ, ಕೀಲಿಕೈ ಮುಂದೆ ಚಾಚಿಕೊಂಡು. ಇವರು ಹತ್ತುತ್ತಾರೆ ಎಂದು ಬಸ್ಸಿನವನು ದಿನದಂತೆ ಬಾಗಿಲು ತೆರೆದೇ ಕಾದ.

"ಬೇಗ ಹತ್ತಿ ಯಜಮಾನ್ರೇ," ಕಂಡಕ್ಟರ್ ಕೂಗಿದ.

ಇವರು ಒಂದು ಕಾಲು ಎತ್ತಿಯೂ ಇಟ್ಟಿದ್ದರು. ಮತ್ತೆ ಇಳಿಸಿ, "ಇಲ್ಲಪ್ಪಾ, ಇನ್ಮೇಲೆ ಹತ್ತಲ್ಲ" ಎಂದರು.

ಮನೆಗೆ ಬಂದು ಬೀಗ ನಾನು ತೆಗೆದೆ. ಟೀ ಪುಡಿ ಡಬ್ಬಿಯ ಮೇಲೆ ಚೀಟಿ ಇತ್ತು. ಬೆಳಗ್ಗೆ ಹೊರಡುವ ಗಡಿಬಿಡಿಯಲ್ಲಿ, ಇವರು ಪಕ್ಕದಲ್ಲೇ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ, ನನ್ನ ಕೈ ತಾನಾಗಿ ಬರೆದಿಟ್ಟದ್ದು: "ಅಡುಗೆ ಒಲೆಯ ಮೇಲಿದೆ. ಬಿಸಿ ಮಾಡಿಕೊಂಡು ಊಟ ಮಾಡಿ." ನಾಚಿಕೆಯಾಗಿ ಕಿತ್ತುಕೊಳ್ಳಲು ಹೋದೆ. ಇವರು ಬಿಡಲಿಲ್ಲ. ಕನ್ನಡಕ ಹಾಕಿಕೊಂಡು ನನ್ನೆದುರಿಗೇ ನಿಧಾನವಾಗಿ ಓದಿದರು. ಜೇಬಿನಿಂದ ಪೆನ್ಸಿಲ್ ತೆಗೆದು ಕೆಳಗೆ "ಸರಿ" ಎಂದು ಬರೆದು ಚೀಟಿ ನನ್ನ ಕೈಗೆ ಕೊಟ್ಟರು. ಆಮೇಲೆ ಒಲೆ ಹಚ್ಚಿ ಎರಡು ತಟ್ಟೆ ಇಟ್ಟರು.